ನಾವೇ ಬಿಟ್ಟ ತುಡುಗು ದನಗಳು

ಪಡಿತರದ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಪಹಣಿ ಪಡೆಯಲು ಹೋದಲ್ಲಿ, 'ಸರ್ವರ್ ಇಲ್ಲ, ನಾಳೆ ಬನ್ನಿ' ಎಂಬ ಮಾತನ್ನು ಕೇಳದ ಗೃಹಸ್ಥರು ಇಂದು ನಮ್ಮ ನಾಡಿನಲ್ಲಿ ಇರಲಾರರು. ಮಳೆ ಇಲ್ಲ, ಮೇವು ಇಲ್ಲ ಎಂದಷ್ಟೇ ಸಹಜವಾಗಿ ಜನ ಆ ಮಾತನ್ನು ಆಡುತ್ತಾರೆ; ಕೇಳಿದವರೂ ಅಷ್ಟೇ ಸಹಜವಾಗಿ ಚೀಲ ಮಡಿಸಿಕೊಂಡು ಹಿಂದಿರುಗುತ್ತಾರೆ. ಈ ಸರ್ವರ್ ಎಂಬುದು ಯಾವುದು, ಅದು ಎಲ್ಲಿಗೆ ಹೋಗುತ್ತದೆ, ಹೋದದ್ದು ಮತ್ತೆ ಹೇಗೆ ಬರುತ್ತದೆ ಎಂದು ವಿಚಾರಿಸುವ ಗೋಜಿಗೆ ನಾವೂ ಹೋಗಿರಲಿಲ್ಲ. ಕಳೆದ ಕಾರ್ತಿಕ ಮಾಸದ ಒಂದು ಶನಿವಾರ ರಾತ್ರಿ ನಮ್ಮ ಮನೆಯ ಪಡಸಾಲೆಯಲ್ಲಿಯೇ ಅದರ ಒಳಗನ್ನು ನೋಡುವ ಪ್ರಸಂಗ ಒದಗಿತು. ಅದನ್ನು ಮುಚ್ಚುಮರೆಯಿಲ್ಲದೆ ಬರೆಯಬೇಕೆಂದು ತಮ್ಮನ ಮಗಳ ಆಗ್ರಹ. ಮುಚ್ಚಿಡಬೇಕೆನ್ನಿಸುವ ಸಂಗತಿಯೂ ಅದರಲ್ಲಿ ಸ್ವಲ್ಪ ಇದೆ.

ನಮ್ಮೂರು ಎಮ್ಮೆದೊಡ್ಡಿ. ಹಳೆಯ ಕಡೂರು ತಾಲ್ಲೂಕಿನವರಿಗೆ ಹೆಸರು ಹೇಳಿದರೆ ಸಾಕು, ಹೊಗರೇಕಾನ್ ಗಿರಿಯೂ ಮದಗದ ಕೆರೆಯೂ ಕಣ್ಣ ಮುಂದೆ ಬರುತ್ತವೆ. ಆ ಕೆರೆಯಿಂದ ಹೊರಡುವ ಅವತಿಯು ಅಯ್ಯನಕೆರೆಯ ಕಡೆಯಿಂದ ಬರುವ ವೇದಾ ಹೊಳೆಯೊಡನೆ ಕೂಡಿ ವೇದಾವತಿಯಾಗುತ್ತದೆ. ದೊಡ್ಡಿ ಎಂದರೆ ದನ ಕೂಡುವ ಬಯಲು. ಹೊಲಕ್ಕೆ ನುಗ್ಗಿದ ತುಡುಗು ದನವನ್ನು ಹಿಡಿದು 'ದೊಡ್ಡಿಗೆ ಹಾಕುವ' ಪದ್ಧತಿ ನಮ್ಮ ಬಾಲ್ಯದಲ್ಲಿ ಎಲ್ಲ ಊರುಗಳಲ್ಲಿಯೂ ಇತ್ತು. ದಂಡ ಕಟ್ಟಿದ ಮೇಲೆಯೇ ದನ ಬಿಡುಗಡೆ. ಈ ಮಾತು ಮುಂದೆ ಬೇಕಾಗುತ್ತದೆ.

ಹನ್ನೆರಡನೆಯ ವಯಸ್ಸಿನಲ್ಲಿ ನಮ್ಮನ್ನು ಮಠದ ಪಾಠಶಾಲೆಗೆ ಬಿಟ್ಟರು. ಅಲ್ಲಿ ಪ್ರಸಾದ, ಅಲ್ಲಿಯೇ ಪಾಠ. ನಾಗವರ್ಮನ ಛಂದೋಂಬುಧಿಯನ್ನು ಬೆಳಗಿನ ಜಾವ ಕಂಠಪಾಠ ಮಾಡಿ ಗುರುಗಳಿಗೆ ಒಪ್ಪಿಸಿದ ಮೇಲೆಯೇ ಅಂಬಲಿ. ಮುಂದೆ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಂಡಿತರಾಗಿ ದುಡಿದು ನಿವೃತ್ತರಾದೆವು. ಗೃಹಸ್ಥಾಶ್ರಮಕ್ಕೆ ಕಾಲಿಡಲಿಲ್ಲವಾದ್ದರಿಂದ ತಮ್ಮನ ಮನೆಯೇ ನಮ್ಮ ಮನೆ. ರಜೆಯ ದಿನಗಳಲ್ಲಿ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಹಳ್ಳಿಗಳನ್ನು ತಿರುಗಿ, ಅಟ್ಟದ ಮೇಲೂ ಪೂಜಾಗೃಹದ ಗೂಡಿನಲ್ಲಿಯೂ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟಿರುವ ಓಲೆಗರಿಯ ಕಟ್ಟುಗಳನ್ನು ಬಿಡಿಸಿ, ಓದಿ, ಪ್ರತಿಮಾಡಿಕೊಳ್ಳುವುದು ನಮ್ಮ ಹವ್ಯಾಸವಾಯಿತು. ಯಾವ ಪದ ಯಾವ ಕಟ್ಟಿನ ಯಾವ ಗರಿಯಲ್ಲಿ ಬಂದಿದೆ ಎಂಬುದನ್ನು ಸಣ್ಣ ಚೀಟಿಗಳಲ್ಲಿ ಬರೆದು ಪಾದರಕ್ಷೆಯ ಖಾಲಿ ಪೆಟ್ಟಿಗೆಗಳಲ್ಲಿ ಅಕಾರಾದಿಯಾಗಿ ಜೋಡಿಸುತ್ತ ಬಂದೆವು. ಪೆಟ್ಟಿಗೆಗಳು ಇಪ್ಪತ್ತೆರಡಾದವು. ಇಲಿ ಮತ್ತು ಗೆದ್ದಲು ಅವುಗಳ ಮೇಲೆ ನಮಗಿಂತ ಹೆಚ್ಚು ಆಸಕ್ತಿ ತೋರತೊಡಗಿದವು.

ತಮ್ಮನ ಮಗಳು ಬೆಂಗಳೂರಿನಲ್ಲಿ ಸರ್ವರ್‌ಗಳನ್ನು ಕಾಯುವ ಕೆಲಸದಲ್ಲಿದ್ದಾಳೆ. 2020ರಲ್ಲಿ ಕೊರೋನಾ ಬಂದು ಕಚೇರಿಗಳು ಮುಚ್ಚಿದಾಗ ಊರಿಗೆ ಬಂದು ಮನೆಯಿಂದಲೇ ದುಡಿದಳು. ಹೆಣ್ಣುಮಗು ರಾತ್ರಿಯೆಲ್ಲ ಕಪ್ಪು ಪರದೆಯ ಮೇಲಿನ ಬಿಳಿ ಅಕ್ಷರಗಳನ್ನು ನೋಡುತ್ತ ಕೂರುವುದೂ ಒಂದು ಉದ್ಯೋಗವೇ ಎಂದು ನಾವು ಒಂದೆರಡು ಬಾರಿ ತಮ್ಮನೆದುರು ಅಂದದ್ದುಂಟು. ಅವಳ ಕಿವಿಗೂ ಬಿದ್ದಿರಬೇಕು. ಆದರೂ ಅವಳೇ ಮುಂದೆ ನಿಂತು ನಮ್ಮ ಚೀಟಿಗಳನ್ನೂ ಕಟ್ಟುಗಳ ಪ್ರತಿಗಳನ್ನೂ ಗಣಕಕ್ಕೆ ಏರಿಸಲು ವ್ಯವಸ್ಥೆ ಮಾಡಿದಳು. ಬಾಡಿಗೆಯ ಒಂದು ಸಣ್ಣ ಸರ್ವರ್‌ನಲ್ಲಿ ಅದೆಲ್ಲವನ್ನೂ ಇಟ್ಟು, ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ಹುಡುಕುವಂತೆ ಮಾಡಿದಳು. ಸಂಶೋಧನೆ ಮಾಡುವ ಕೆಲವು ವಿದ್ಯಾರ್ಥಿಗಳು ಅದನ್ನು ಬಳಸುತ್ತಾರೆಂದು ತಿಳಿದಾಗ ನಮಗೆ ಆದ ಸಂತೋಷ ಸಣ್ಣದಲ್ಲ.

ಇನ್ನು ಪ್ರಸ್ತುತ ಪ್ರಸಂಗ. ಅಜ್ಜಂಪುರದ ಸಮೀಪದ ಹಳ್ಳಿಯೊಂದರಲ್ಲಿ ತೊಂಬತ್ತು ದಾಟಿದ ಹಿರಿಯರೊಬ್ಬರು ಹಾಸಿಗೆ ಹಿಡಿದಿದ್ದರು. ಅವರ ಮನೆಯ ಕಟ್ಟೊಂದು ನಮ್ಮ ಬಳಿ ಇತ್ತು. ಅದರಲ್ಲಿ ಬಸವನ ವರ್ಣನೆಯ ಪದ್ಯವೊಂದು ಇದೆಯೆಂದೂ, ಶ್ರಾವಣದಲ್ಲಿ ತಮ್ಮ ಅಜ್ಜ ಅದನ್ನು ರಾಗವಾಗಿ ಓದುತ್ತಿದ್ದರೆಂದೂ, ಅದನ್ನೊಮ್ಮೆ ಪೂರ್ತಿಯಾಗಿ ಕೇಳಬೇಕೆಂದೂ ಅವರು ಹೇಳಿಕಳುಹಿಸಿದ್ದರು. ಅಮೃತಮಹಲ್ ದನಗಳ ನಾಡಿನಲ್ಲಿ ಬೆಳೆದವರಿಗೆ ಎತ್ತಿನ ವರ್ಣನೆ ಎಂದರೆ ಬರಿಯ ಕಾವ್ಯವಲ್ಲ. ಪದ್ಯವೇನೋ ಸಿಕ್ಕಿತು, ಭಾಮಿನಿ ಷಟ್ಪದಿ. ಆದರೆ ಮೂರನೆಯ ಪಾದದಲ್ಲಿ ಹುಳು ಎರಡು ತೂತು ಕೊರೆದಿತ್ತು. ಮೊದಲು 'ಕೊ', ಆಮೇಲೆ ಸಣ್ಣ ತೂತು, ಬಳಿಕ 'ಲಿ', ಆಮೇಲೆ ದೊಡ್ಡ ತೂತು, ಬಳಿಕ 'ಗ್ಮ' ಎಂಬ ಒತ್ತಕ್ಷರ. ಅಲ್ಲಿಂದಾಚೆಗೆ ಪಾದ ಸ್ವಚ್ಛ. ಇದೇ ಪದ್ಯ ಬೇರೆ ಯಾವುದಾದರೂ ಕಟ್ಟಿನಲ್ಲಿ ಇದ್ದೀತೆಂದು ಶುಕ್ರವಾರ ರಾತ್ರಿ ನಾವು ಹುಡುಕಲು ಕುಳಿತೆವು.

ಗೊತ್ತಿಲ್ಲದ ಅಕ್ಷರದ ಜಾಗದಲ್ಲಿ ನಕ್ಷತ್ರದ ಗುರುತು ಹಾಕಬೇಕೆಂದು ಮಗಳು ಹಿಂದೆಯೇ ಹೇಳಿಕೊಟ್ಟಿದ್ದಳು. ಶಾಸ್ತ್ರೀಯ ಸಂಪಾದನೆಗಳಲ್ಲಿ ಲುಪ್ತವಾದ ಒಂದೊಂದು ಅಕ್ಷರಕ್ಕೂ ಒಂದೊಂದು ಚುಕ್ಕೆ ಇಡುವ ಸಂಪ್ರದಾಯ ನಮ್ಮ ಬೆರಳಿಗೆ ಅಂಟಿಹೋಗಿದೆ. ಆದ್ದರಿಂದ ಸಣ್ಣ ತೂತಿಗೆ ಎರಡು ನಕ್ಷತ್ರ, ದೊಡ್ಡದಕ್ಕೆ ಎಂಟು ನಕ್ಷತ್ರ ಇಟ್ಟು ಗುಂಡಿ ಒತ್ತಿದೆವು. ಪರದೆಯ ಮೇಲೆ ಒಂದು ಸಣ್ಣ ಚಕ್ರ ತಿರುಗತೊಡಗಿತು. ಕಾದೆವು. ಮತ್ತೊಮ್ಮೆ ಒತ್ತಿದೆವು. ಗಣಕದಲ್ಲಿ ಬಾರದಿದ್ದರೆ ಮೊಬೈಲಿನಲ್ಲಿ ಬಂದೀತೆಂದು ಅದರಲ್ಲಿಯೂ ಒತ್ತಿದೆವು. ಎಷ್ಟು ಬಾರಿ ಎಂದು ಎಣಿಸಲಿಲ್ಲ, ಎಣಿಸಿದ್ದು ಬೇರೆಯವರು.

ಶನಿವಾರ ಬೆಳಿಗ್ಗೆ ಪೂಜೆ ಮುಗಿಸಿ ಏಳುವಷ್ಟರಲ್ಲಿ ದೂರವಾಣಿ. ಸಂಶೋಧನ ವಿದ್ಯಾರ್ಥಿನಿಯೊಬ್ಬಳ ದನಿ ನಡುಗುತ್ತಿತ್ತು. 'ಗುರುಗಳೇ, ಸೋಮವಾರ ಮಹಾಪ್ರಬಂಧ ಒಪ್ಪಿಸಬೇಕು. ಉಲ್ಲೇಖಗಳನ್ನು ಸರಿನೋಡೋಣ ಅಂದರೆ ನಿಮ್ಮ ಪದಸೂಚಿ ರಾತ್ರಿಯಿಂದ ತೆರೆಯುತ್ತಲೇ ಇಲ್ಲ.' ಮಧ್ಯಾಹ್ನದ ಹೊತ್ತಿಗೆ ಸರ್ವರ್ ಬಾಡಿಗೆಗೆ ಕೊಟ್ಟವರಿಂದ ಪತ್ರ ಬಂದಿತು: ನಿಮ್ಮ ಪಾಲಿಗಿಂತ ಹೆಚ್ಚು ಶಕ್ತಿ ಬಳಕೆಯಾಗುತ್ತಿದೆ, ಇಪ್ಪತ್ತನಾಲ್ಕು ಗಂಟೆಯೊಳಗೆ ಸರಿಪಡಿಸದಿದ್ದರೆ ನಿಲ್ಲಿಸಲಾಗುವುದು. ನಾಲ್ಕು ವರ್ಷ ಗಣಕಕ್ಕೆ ಏರಿಸಿದ್ದು, ಅದಕ್ಕೂ ಹಿಂದೆ ಮೂವತ್ತಕ್ಕೂ ಮಿಕ್ಕಿ ವರ್ಷ ಚೀಟಿ ಬರೆದದ್ದು, ಎಲ್ಲವೂ ಒಂದು ಪತ್ರದ ಕೊನೆಯ ಸಾಲಿನಲ್ಲಿ ತೂಗಾಡುತ್ತಿದ್ದಂತೆ ಕಂಡಿತು.

ಮಗಳು ಅಂದು ಸಂಜೆಯ ರೈಲಿಗೆ ಕಡೂರಿನಲ್ಲಿ ಇಳಿದು ಬಂದಳು. ಬಂದದ್ದು ಇದಕ್ಕಾಗಿ ಅಲ್ಲ. ಭಾನುವಾರ ಅವಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅಡುಗೆಮನೆಯಲ್ಲಿ ಹೂರಣ ರುಬ್ಬುತ್ತಿದ್ದ ಅವಳ ತಾಯಿ, 'ಭಾವನವರೇ, ಈ ರಾತ್ರಿಯಾದರೂ ಅವಳನ್ನು ನಿದ್ದೆ ಮಾಡಲು ಬಿಡಿ. ನಾಳೆ ಬಂದವರ ಎದುರು ಕಣ್ಣು ಕೆಂಪಗೆ ಮಾಡಿಕೊಂಡು ಕೂರುವುದು ಬೇಡ' ಎಂದರು. ನ್ಯಾಯವಾದ ಮಾತು. ನಾವು ಸುಮ್ಮನಾದೆವು. ಆದರೆ ಹುಡುಗಿ ಪತ್ರವನ್ನು ಓದಿದವಳೇ ಊಟದ ಕೈ ತೊಳೆದು, ಪಡಸಾಲೆಯಲ್ಲಿ ಮಣೆಯ ಮೇಲೆ ತನ್ನ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಳು. ಅದೇ ಕಪ್ಪು ಪರದೆ. ಈ ಬಾರಿ ಪಕ್ಕದಲ್ಲಿ ನಾವೂ ಕುಳಿತೆವು.

ಸರ್ವರ್ ಎಂದರೆ ನಮ್ಮ ಮನೆಯ ಗಣಕದಂಥದೇ ಒಂದು ಯಂತ್ರ. ಸದಾ ಎಚ್ಚರವಿದ್ದು ಕೇಳಿದವರಿಗೆ ಕೊಡುವುದು ಅದರ ಕೆಲಸ. ಅದರೊಳಗೆ ನಡೆಯುವ ಒಂದೊಂದು ಕೆಲಸಕ್ಕೂ ಪ್ರೊಸೆಸ್ ಎಂದು ಹೆಸರು. ಪ್ರತಿಯೊಂದಕ್ಕೂ ಒಂದು ಸಂಖ್ಯೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯುನಿಕ್ಸ್ ಎಂಬ ವ್ಯವಸ್ಥೆಯಿಂದ ಬಂದ ಪದ್ಧತಿ ಇದು. ಇಂದಿನ ಲಿನಕ್ಸ್ ಸರ್ವರ್‌ಗಳೂ ಅದನ್ನೇ ಅನುಸರಿಸುತ್ತವೆ. ಅಲ್ಲಿ ಬಳಸುವ ಮಾತುಗಳೆಲ್ಲ ಸಂಸಾರದವು ಎಂದು ತಿಳಿದು ನಮಗೆ ಸೋಜಿಗವಾಯಿತು. ಒಂದು ಪ್ರೊಸೆಸ್ ಇನ್ನೊಂದನ್ನು ಹಡೆಯುತ್ತದೆ. ಹಡೆದದ್ದು ಹೆತ್ತವರು, ಹುಟ್ಟಿದ್ದು ಮಗು. ಹೆತ್ತವರು ಮೊದಲೇ ತೀರಿಹೋದರೆ ಮಗು ಅನಾಥ. ಸಾಮಾನ್ಯವಾಗಿ ಒಂದನೆಯ ಸಂಖ್ಯೆಯ ಮೂಲ ಪ್ರೊಸೆಸ್ ಅದನ್ನು ದತ್ತು ಪಡೆಯುತ್ತದೆ. ಮಗು ಸತ್ತರೂ ಹೆತ್ತವರು ಅದರ ಸಮಾಚಾರ ಕೇಳದೆ ಹೋದರೆ, ಪ್ರಾಣವಿಲ್ಲದ ಅದರ ಹೆಸರು ಪಟ್ಟಿಯಲ್ಲಿ ಹಾಗೆಯೇ ಉಳಿಯುತ್ತದೆ. ಅದಕ್ಕೆ ಅವರು ಪ್ರೇತವೆಂಬ ಅರ್ಥದ ಹೆಸರನ್ನೇ ಇಟ್ಟಿದ್ದಾರಂತೆ. ನಾವು, 'ಪೌತಿ ಖಾತೆ ಆಗದ ಜಮೀನಿದ್ದ ಹಾಗೆ ಅನ್ನು' ಎಂದೆವು. ಸತ್ತು ಇಪ್ಪತ್ತು ವರ್ಷವಾದರೂ ಪಹಣಿಯಲ್ಲಿ ಅಜ್ಜನ ಹೆಸರೇ ಇರುವ ಮನೆಗಳು ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ. ಆ ಹೋಲಿಕೆ ಅವಳಿಗೆ ಹಿಡಿಸಿತು.

ಜಾಲತಾಣಗಳನ್ನು ಬಡಿಸುವ ಅಪಾಚೆ ಎಂಬ ತಂತ್ರಾಂಶ 1995ರಿಂದ ಬಳಕೆಯಲ್ಲಿದೆ. ಅದರ ಹಳೆಯ ಕ್ರಮದಲ್ಲಿ ಹಿರಿಯ ಪ್ರೊಸೆಸ್ ಒಂದು ಮನೆಯೊಡೆಯನಂತೆ ಕುಳಿತು ಹಲವು ಮಕ್ಕಳನ್ನು ಸಿದ್ಧವಾಗಿ ಇಟ್ಟುಕೊಂಡಿರುತ್ತದೆ. ಬಂದ ಅತಿಥಿ ಒಬ್ಬನಿಗೆ ಒಂದು ಮಗು. ಅವನ ಕೆಲಸ ಮುಗಿಯುವವರೆಗೆ ಅದು ಇನ್ನೊಬ್ಬನ ಕಡೆ ತಿರುಗುವುದಿಲ್ಲ. ಎಷ್ಟು ಮಕ್ಕಳಿರಬಹುದು ಎಂಬುದಕ್ಕೆ ಮಿತಿಯುಂಟು. ಎಲ್ಲರೂ ಕೆಲಸದಲ್ಲಿ ಸಿಕ್ಕಿಕೊಂಡರೆ ಆಮೇಲೆ ಬಂದವರು ಅಂಗಳದಲ್ಲಿ ನಿಂತು ಕಾಯಬೇಕು. ನಾವು ಹೊರಗಿನಿಂದ 'ಸರ್ವರ್ ಇಲ್ಲ' ಎನ್ನುವಾಗ ಅನೇಕ ಸಲ ಸರ್ವರ್ ಇದ್ದೇ ಇರುತ್ತದೆ, ನಮ್ಮ ಕಡೆ ನೋಡಲು ಅದಕ್ಕೆ ಪುರಸೊತ್ತಿರುವುದಿಲ್ಲ, ಅಷ್ಟೇ.

ಅವಳು 'ಟಾಪ್' ಎಂಬ ಎರಡಕ್ಷರದ ಆಜ್ಞೆ ಕೊಟ್ಟಳು. ಯಾವ ಪ್ರೊಸೆಸ್ ಎಷ್ಟು ಶ್ರಮ ತಿನ್ನುತ್ತಿದೆ ಎಂಬ ಪಟ್ಟಿ ಬಂದಿತು. ಮೇಲ್ಗಡೆ ಮೂರು ಅಂಕೆಗಳು: ಕಳೆದ ಒಂದು, ಐದು ಮತ್ತು ಹದಿನೈದು ನಿಮಿಷಗಳಲ್ಲಿ ಸರಾಸರಿ ಎಷ್ಟು ಪ್ರೊಸೆಸ್‌ಗಳು ಕೆಲಸದಲ್ಲಿದ್ದವು ಅಥವಾ ಸರದಿಗಾಗಿ ಕಾದಿದ್ದವು ಎಂಬ ಲೆಕ್ಕ. ನಮ್ಮ ಬಾಡಿಗೆಯ ಯಂತ್ರಕ್ಕೆ ಎರಡೇ ನೊಗ. ಎರಡು ಎಂಬ ಅಂಕೆ ಬಂದರೆ ಭರ್ತಿ. ಅಲ್ಲಿ ಇದ್ದದ್ದು ನಲವತ್ತೊಂದು. ಮೂರೂ ಅಂಕೆಗಳು ಹೆಚ್ಚುಕಡಿಮೆ ಒಂದೇ ಆಗಿರುವುದನ್ನು ಅವಳು ತೋರಿಸಿದಳು. ಈಗ ತಾನೇ ಎದ್ದ ಬಿರುಗಾಳಿಯಾಗಿದ್ದರೆ ಮೊದಲ ಅಂಕೆ ಮಾತ್ರ ಏರಿರುತ್ತಿತ್ತು. ಇದು ಬಹಳ ಹೊತ್ತಿನಿಂದ ನಡೆದಿರುವ ದುಡಿಮೆ. ಜೊತೆಗೆ ಯಂತ್ರದ ನೆನಪಿನ ಜಾಗವೂ ತುಂಬಿ, ಅದು ಸಾಮಾನನ್ನು ಡಿಸ್ಕಿಗೆ ಸಾಗಿಸುವುದು, ಮತ್ತೆ ತರುವುದು, ಇದರಲ್ಲಿಯೇ ತೊಡಗಿತ್ತು. ಮೇಜಿನ ಮೇಲೆ ಜಾಗವಿಲ್ಲದೆ ಪ್ರತಿಯೊಂದು ಚೀಟಿಗೂ ಅಟ್ಟ ಹತ್ತಿ ಇಳಿಯುವ ಕಷ್ಟ ನಮಗೆ ಗೊತ್ತಿಲ್ಲದ್ದೇನಲ್ಲ.

ರಾತ್ರಿ ಒಂಬತ್ತಕ್ಕೆ ಅವಳು ಅಪಾಚೆಯನ್ನು ನಿಲ್ಲಿಸಿ ಪುನಃ ಆರಂಭಿಸಿದಳು. ಅಂಕೆ ಇಳಿಯಿತು, ಪದಸೂಚಿ ತೆರೆಯಿತು. 'ಆಯಿತಲ್ಲ ತಾಯಿ, ಹೋಗಿ ಮಲಗು' ಎಂದೆವು. ಅವಳು ಏಳಲಿಲ್ಲ. ಯಾಕೆ ಹೀಗಾಯಿತೆಂದು ತಿಳಿಯದೆ ಹಾಗೆ ಬಿಡುವಂತಿಲ್ಲ ಎಂದಳು. ಹತ್ತು ನಿಮಿಷದಲ್ಲಿ ಅಂಕೆ ಮತ್ತೆ ಏರತೊಡಗಿತು.

ಹೊರಗಿನವರ ಕಾಟವಿರಬಹುದೆಂಬುದು ಅವಳ ಮೊದಲ ಸಂಶಯ. ಜಾಲವನ್ನೆಲ್ಲ ಬಾಚುತ್ತ ಹೋಗುವ ಯಾಂತ್ರಿಕ ಹುಡುಕುಗರು ಈಗ ಲೆಕ್ಕವಿಲ್ಲದಷ್ಟು. ನಮ್ಮ ರಾಜ್ಯದ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶಕ್ಕೆ 2025ರ ಜನವರಿಯಲ್ಲಿ ಆದದ್ದನ್ನು ಅವಳು ನೆನಪಿಸಿದಳು. ಯಾರೋ ಸುಳ್ಳು ಖಾತೆಗಳನ್ನು ತೆರೆದು, ಋಣಭಾರ ಪ್ರಮಾಣಪತ್ರದ ಹುಡುಕಾಟವನ್ನು ಯಂತ್ರಗಳ ಮೂಲಕ ಎಡೆಬಿಡದೆ ಮಾಡಿಸಿ, ಅದನ್ನು ಕುಗ್ಗಿಸಿದ್ದರು. ಊರೂರಿನಲ್ಲಿ ಕ್ರಯಪತ್ರಕ್ಕಾಗಿ ಬಂದವರು ಕಾದು ಕುಳಿತಿದ್ದರು. ಸೈಬರ್ ಪೊಲೀಸರಿಗೆ ದೂರು ಹೋಗಿತ್ತು. ಆ ದುಷ್ಟರು ಹುಡುಕಾಟವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕೇಳುವವನಿಗೆ ಒಂದು ಬೆರಳಿನ ಶ್ರಮ, ಉತ್ತರ ಕೊಡುವವನು ಕಡತದ ಕೋಣೆಯನ್ನೇ ಜಾಲಾಡಬೇಕು. ನಮಗೆ ಸಿಟ್ಟು ಬಂದಿತು. ಓಲೆಗರಿಯ ಪದಸೂಚಿಯ ಮೇಲೆ ಯಾರಿಗೆ ಏನು ಹಗೆ ಎಂದು ಗೊಣಗಿದೆವು.

ಅವಳು ಸರ್ವರ್‌ನ ದಿನಚರಿಯನ್ನು ತೆರೆದಳು. ಯಾರು ಯಾವಾಗ ಏನು ಕೇಳಿದರೆಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ. ಆಶ್ಚರ್ಯವೆಂದರೆ ಅಲ್ಲಿ ಅಂಥದೇನೂ ಇರಲಿಲ್ಲ. ಸ್ವಲ್ಪ ಹೊತ್ತು ಗಲ್ಲಕ್ಕೆ ಕೈಯಿಟ್ಟು ಕುಳಿತವಳು, 'ಅಯ್ಯೋ, ಮುಗಿದ ಕೆಲಸ ಮಾತ್ರ ಇದರಲ್ಲಿ ಬರೆಯೋದು ದೊಡ್ಡಪ್ಪ. ಮುಗಿಯದೇ ಇರೋದು ಇಲ್ಲಿ ಹೇಗೆ ಸಿಗುತ್ತೆ?' ಎಂದಳು. ಬಳಿಕ ಬೇರೊಂದು ಪುಟ ತೆರೆದಳು. ಈ ಕ್ಷಣದಲ್ಲಿ ಯಾವ ಮಗು ಯಾರಿಗಾಗಿ ಏನು ಮಾಡುತ್ತಿದೆ, ಎಷ್ಟು ಸೆಕೆಂಡುಗಳಿಂದ ಮಾಡುತ್ತಿದೆ ಎಂದು ತೋರಿಸುವ ಪುಟವದು. ಸಾಲಾಗಿ ಒಂದೇ ಪ್ರಶ್ನೆ: ಕೊ, ಎರಡು ನಕ್ಷತ್ರ, ಲಿ, ಎಂಟು ನಕ್ಷತ್ರ, ಗ್ಮ. ಅದರ ಪಕ್ಕದಲ್ಲಿ ಕೇಳಿದವರ ಅಂಕೆಯ ವಿಳಾಸ. ಅದೂ ಎಲ್ಲ ಸಾಲಿನಲ್ಲಿಯೂ ಒಂದೇ.

'ದೊಡ್ಡಪ್ಪ, ಇದು ನಮ್ಮ ಮನೆಯ ವಿಳಾಸ.'

ಒಂಬತ್ತಕ್ಕೆ ಎಲ್ಲ ಸರಿಹೋಯಿತೆಂದು ಅವಳು ಹೇಳಿದಾಗ, ಸರಿಹೋಯಿತೇ ಎಂದು ಪರೀಕ್ಷಿಸಲು ಒಳಕೋಣೆಗೆ ಹೋಗಿ ನಾವು ಅದೇ ಪ್ರಶ್ನೆಯನ್ನು ಮತ್ತೆ ನಾಲ್ಕಾರು ಬಾರಿ ಒತ್ತಿ ಬಂದಿದ್ದೆವು. ಅದನ್ನು ಹೇಳಬೇಕಾಯಿತು. ಹಿಂದಿನ ರಾತ್ರಿಯ ಕಥೆಯನ್ನೂ ಹೇಳಬೇಕಾಯಿತು. ಅವಳು ನಗಲಿಲ್ಲ, ನಕ್ಕಿದ್ದರೆ ನಮಗೆ ಹಗುರವಾಗುತ್ತಿತ್ತು. ಒಮ್ಮೆ ಒತ್ತಿದ ಪ್ರಶ್ನೆ ಸರ್ವರ್ ತಲುಪಿದ ಮೇಲೆ, ನಾವು ಪುಟ ಮುಚ್ಚಿದರೂ ಗಣಕ ಆರಿಸಿ ಮಲಗಿದರೂ ಅಲ್ಲಿಯ ಪ್ರೊಸೆಸ್‌ಗೆ ಅದು ತಿಳಿಯುವುದಿಲ್ಲ. ಕೇಳಿದವನು ಎದ್ದು ಹೋದ ಮೇಲೂ ಅದು ಅವನಿಗಾಗಿ ಹುಡುಕುತ್ತಲೇ ಇರುತ್ತದೆ. ಹೊಲದ ಬೇಲಿ ಮುರಿದು ದನ ಬಿಟ್ಟು, ಬೇರೆಯವರ ದನ ನುಗ್ಗಿತೆಂದು ಕೂಗಾಡಿದವರ ಸಾಲಿಗೆ ನಾವು ಸೇರಿದ್ದೆವು.

ಆದರೆ ಒಂದು ಪ್ರಶ್ನೆ ರಾತ್ರಿಯಿಡೀ ಯಾಕೆ ಮುಗಿಯಬಾರದು? ನಮ್ಮ ಪಾಲಿಗೆ ಒಂದು ನಕ್ಷತ್ರ ಎಂದರೆ ಒಂದು ಅಕ್ಷರ. ಯಂತ್ರದ ಪಾಲಿಗೆ ಒಂದು ನಕ್ಷತ್ರ ಎಂದರೆ ಎಷ್ಟು ಅಕ್ಷರವಾದರೂ ಆಗಬಹುದು, ಒಂದೂ ಇಲ್ಲದಿರಬಹುದು. ಎಂಟು ನಕ್ಷತ್ರ ಒತ್ತೊತ್ತಾಗಿ ಇಟ್ಟರೆ, ನಡುವಿನ ಅಕ್ಷರಗಳಲ್ಲಿ ಯಾರ ಪಾಲು ಎಷ್ಟೆಂದು ಅದು ಹಂಚಿ ನೋಡತೊಡಗುತ್ತದೆ. ಅವಳು ಅಡುಗೆಮನೆಯ ಕಡೆ ಕೈತೋರಿ ಕೇಳಿದಳು: 'ನಾಳೆ ಇಪ್ಪತ್ತು ಹೋಳಿಗೆ ಇವೆ ಅನ್ನಿ. ಇಬ್ಬರು ಮಕ್ಕಳಿಗೆ ಎಷ್ಟು ಬಗೆಯಲ್ಲಿ ಹಂಚಬಹುದು?' ಒಬ್ಬನಿಗೆ ಒಂದೂ ಇಲ್ಲದಿಂದ ಹಿಡಿದು ಇಪ್ಪತ್ತರವರೆಗೆ, ಇಪ್ಪತ್ತೊಂದು ಬಗೆ. ಮೂವರಿಗಾದರೆ 231. ಎಂಟು ಮಕ್ಕಳಿಗಾದರೆ 8,88,030. ಇದು ಇಪ್ಪತ್ತು ಅಕ್ಷರದ ಲೆಕ್ಕ. ನಮ್ಮ ಒಂದೊಂದು ಕಟ್ಟಿನಲ್ಲಿಯೂ ಸಾವಿರಾರು ಅಕ್ಷರಗಳು. ಕಟ್ಟನ್ನು ಪದ್ಯಪದ್ಯವಾಗಿ ಒಡೆದು ಇಡೋಣವೆಂದು ಅವಳು ಆರಂಭದಲ್ಲಿ ಕೇಳಿದಾಗ, ಕಟ್ಟು ಕಟ್ಟಾಗಿಯೇ ಇರಬೇಕೆಂದು ಹಟ ಹಿಡಿದವರು ನಾವೇ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹುಡುಕಿದ್ದು ಸಿಕ್ಕಿದರೆ ಯಂತ್ರ ಅಲ್ಲಿಗೇ ನಿಲ್ಲುತ್ತದೆ. ಸಿಗದಿದ್ದರೆ, ಇನ್ನೊಂದು ಬಗೆಯಲ್ಲಿ ಹಂಚಿದರೆ ಸಿಕ್ಕೀತೇನೋ ಎಂದು ಕೊನೆಯ ಬಗೆಯವರೆಗೂ ನೋಡುತ್ತದೆ. 'ಗ್ಮ' ಎಂಬುದು ಅಪರೂಪದ ಒತ್ತು. ಬಹಳ ಕಟ್ಟುಗಳಲ್ಲಿ ಇಲ್ಲವೇ ಇಲ್ಲ. ಇಲ್ಲದ ಅಕ್ಷರಕ್ಕಾಗಿ ಹಂಚಿದ್ದೇ ಹಂಚಿದ್ದು. ಬೇಸರವೆಂಬ ಉಪಕಾರಿಯಾದ ಗುಣ ಅದಕ್ಕಿಲ್ಲ.

ನಮ್ಮ ಮುಖ ನೋಡಿ ಅವಳಿಗೆ ಕನಿಕರವಾಗಿರಬೇಕು. ಕ್ಲೌಡ್‌ಫ್ಲೇರ್ ಎಂಬ ದೊಡ್ಡ ಸಂಸ್ಥೆಯಲ್ಲಿ 2019ರ ಜುಲೈ 2ರಂದು ಇದೇ ಜಾತಿಯ ತಪ್ಪು ನಡೆದು, ಅದರ ಆಸರೆಯಲ್ಲಿದ್ದ ಜಗತ್ತಿನ ಅಸಂಖ್ಯ ಜಾಲತಾಣಗಳು 27 ನಿಮಿಷ ತತ್ತರಿಸಿದವೆಂದಳು. ಅಲ್ಲಿಯೂ 'ಏನಾದರೂ, ಎಷ್ಟಾದರೂ' ಎಂಬ ಗುರುತು ಎರಡು ಬಾರಿ ಒತ್ತೊತ್ತಾಗಿ ಬಂದಿತ್ತಂತೆ. ಸ್ಟ್ಯಾಕ್ ಓವರ್‌ಫ್ಲೋ ಎಂಬ, ತಂತ್ರಾಂಶದವರೇ ಮುಗಿಬೀಳುವ ತಾಣ 2016ರ ಜುಲೈ 20ರಂದು 34 ನಿಮಿಷ ನಿಂತುಹೋದದ್ದು ಯಾರೋ ಬರೆದ ಸಾಲಿನೊಳಗಿದ್ದ ಸುಮಾರು 20,000 ಖಾಲಿ ಜಾಗಗಳಿಂದ. ಸಾಲಿನ ಕೊನೆಯ ಖಾಲಿ ಜಾಗವನ್ನು ಕತ್ತರಿಸಹೊರಟ ಯಂತ್ರ ಒಂದೊಂದು ಜಾಗದಿಂದಲೂ ಹೊಸದಾಗಿ ಎಣಿಸುತ್ತ, ಸುಮಾರು 20 ಕೋಟಿ ಸಲ ನೋಡಬೇಕಾಯಿತು. 'ಅವರೆಲ್ಲ ಇದನ್ನೇ ಓದಿದವರು ದೊಡ್ಡಪ್ಪ' ಎಂದಳು. ನಮ್ಮ ಸಮಾಧಾನಕ್ಕೆ ಹೇಳಿದ್ದೆಂದು ಗೊತ್ತಿದ್ದರೂ ಸ್ವಲ್ಪ ಸಮಾಧಾನವಾದದ್ದು ಸುಳ್ಳಲ್ಲ.

ಮತ್ತೊಂದು ಪ್ರಶ್ನೆಯನ್ನು ಅವಳಾಗಿ ಎತ್ತಲಿಲ್ಲ, ನಾವೇ ಕೇಳಿದೆವು: ಇಷ್ಟು ಹೊತ್ತು ಓಡಬಾರದೆಂದು ಯಂತ್ರಕ್ಕೆ ಕಡಿವಾಣ ಇರುವುದಿಲ್ಲವೇ? ಇರುತ್ತದೆ. ನಮ್ಮ ಪದಸೂಚಿ ಬರೆದಿರುವ ಪಿಎಚ್‌ಪಿ ಎಂಬ ಭಾಷೆಯಲ್ಲಿ ಆ ಕಡಿವಾಣ ಸಾಮಾನ್ಯವಾಗಿ 30 ಸೆಕೆಂಡು. ಹಿಂದಿನ ವರ್ಷ ದೊಡ್ಡ ಪಟ್ಟಿಯೊಂದು ಅರ್ಧಕ್ಕೇ ನಿಂತುಹೋಗುತ್ತದೆಂದು ನಾವು ಫೋನಿನಲ್ಲಿ ರೇಗಿದಾಗ ಅವಳು ಅದನ್ನು ಸೊನ್ನೆ ಮಾಡಿದ್ದಳು. ಸೊನ್ನೆಯೆಂದರೆ ಮಿತಿಯೇ ಇಲ್ಲ. 'ಆಮೇಲೆ ಹಾಕೋದು ನಾನೂ ಮರೆತೆ' ಎಂದಳು. ಕೆರೆಯ ತೂಬು ಎತ್ತುವವನೂ ಇಳಿಸುವವನೂ ನೀರುಗಂಟಿಯೇ. ನಮ್ಮ ಹಿರಿಯರ ಕಾಲದಲ್ಲಿ ಎಂಥ ದೊಡ್ಡ ಗೌಡನ ಗದ್ದೆಯಾದರೂ ಸರದಿಯ ಹೊತ್ತು ಮುಗಿದರೆ ನೀರುಗಂಟಿ ಮಡೆ ಕಟ್ಟುತ್ತಿದ್ದ. ಈ ನೀರುಗಂಟಿಯನ್ನು ರೇಗಿ ಹೆದರಿಸಿದವರು ಮನೆಯ ಹಿರಿಯರಾದ ನಾವು.

ಈಗ ದನಗಳನ್ನು ಹಿಡಿಯಬೇಕಿತ್ತು. ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿಬಿಡು ಎಂದರೆ ಅವಳು ಒಪ್ಪಲಿಲ್ಲ. ಆ ಪುಟದಲ್ಲಿ ಒಂದು ಸಾಲು ಬೇರೆಯಾಗಿತ್ತು. ನಮಗೆ ನೆರವಾಗುವ ನಿವೃತ್ತ ಶಿಕ್ಷಕಿಯೊಬ್ಬರು ಅಂದು ಸಂಜೆ ಒಂದು ಕಟ್ಟಿನ ಪ್ರತಿಯನ್ನು ಏರಿಸುತ್ತಿದ್ದರು. ಅದು ಬಾಗಿಲಲ್ಲಿ ಸಿಕ್ಕಿಕೊಂಡು ತೆವಳುತ್ತಿತ್ತು. ಅದನ್ನು ಕೊಂದರೆ ಅವರ ಶ್ರಮವೂ ಹೋಗುತ್ತದೆ. ಆದ್ದರಿಂದ ನಕ್ಷತ್ರದ ಸಾಲುಗಳ ಸಂಖ್ಯೆಗಳನ್ನು ಒಂದೊಂದಾಗಿ ಆರಿಸಿದಳು. ಮೊದಲು ಕಳುಹಿಸುವುದು ಹದಿನೈದನೆಯ ಸಂಕೇತ: ಕೈಯಲ್ಲಿರುವುದನ್ನು ಕೆಳಗಿಟ್ಟು ಹೊರಡು ಎಂಬ ಸೌಮ್ಯವಾದ ಸೂಚನೆ. ಅದಕ್ಕೆ ಜಗ್ಗದವಕ್ಕೆ ಒಂಬತ್ತನೆಯದು. ಅದರಲ್ಲಿ ಮಾತುಕತೆ ಇಲ್ಲ. ಐದಾರು ಮಾತ್ರ ಒಂಬತ್ತನೆಯದಕ್ಕೆ ಹೋದವು. ಉಳಿದದ್ದೆಲ್ಲ ಖಾಲಿಯಾದೊಡನೆ ಶಿಕ್ಷಕಿಯವರ ಕೆಲಸ ತಾನಾಗಿಯೇ ಮುಗಿಯಿತು. ಅಂಕೆ ನಲವತ್ತರಿಂದ ಇಳಿಯುತ್ತ ಅರ್ಧದ ಕೆಳಗೆ ಬಂದು ನಿಂತಿತು. 30 ಸೆಕೆಂಡಿನ ಕಡಿವಾಣ ಮತ್ತೆ ಬಿದ್ದಿತು. ಒತ್ತೊತ್ತಾಗಿ ಬಂದ ನಕ್ಷತ್ರಗಳನ್ನು ಒಂದೇ ಎಂದು ತಿಳಿಯುವಂತೆಯೂ, ಒಂದೇ ಒಂದು ಅಕ್ಷರಕ್ಕೆ ಪ್ರಶ್ನಾರ್ಥಕ ಚಿಹ್ನೆ ಬಳಸುವಂತೆಯೂ ತಿದ್ದಿದಳು. ಇದರಲ್ಲಿಯೂ ಕನ್ನಡ ಅವಳನ್ನು ಕಾಡಿತು. ನಮಗೆ 'ಗ್ಮ' ಒಂದು ಅಕ್ಷರ. ಯಂತ್ರದ ಎಣಿಕೆಯಲ್ಲಿ ಗ, ಅರ್ಧಾಕ್ಷರದ ಗುರುತು, ಮ ಎಂದು ಮೂರು. ಅಕ್ಷರವೆಂದರೆ ಏನೆಂದು ಅದಕ್ಕೆ ಕಲಿಸಲು ಮುಕ್ಕಾಲು ಗಂಟೆ ಹಿಡಿಯಿತು.

'ಈಗ ಎಷ್ಟು ಅಕ್ಷರ ಹೋಗಿವೆ ಅಂತ ನೀವು ಹೇಳಿದರೆ ಹುಡುಕಬಹುದು. ಸುಮಾರಾಗಿ ಬೇಡ' ಎಂದಳು.

ಆಗ ನಮಗೆ ನಾಚಿಕೆಯಾದದ್ದು ಗಣಕದ ವಿಷಯಕ್ಕಲ್ಲ. ಭಾಮಿನಿಯ ಮೂರನೆಯ ಪಾದ ಕೈಯಲ್ಲಿದ್ದೂ, ಛಂದಸ್ಸು ಓದಿದವರು ಎಂಟು ನಕ್ಷತ್ರ ಇಟ್ಟು ಕೂರಬಹುದೇ? ಹಿಂದಿನ ಎರಡು ಪಾದಗಳಲ್ಲಿ ಎರಡನೆಯ ಅಕ್ಷರ ರಕಾರ. ಪ್ರಾಸ ಕೆಡಬಾರದಾದರೆ ಇಲ್ಲಿಯೂ ರಕಾರವೇ. ಮೊದಲ ಗಣ ಮೂರು ಮಾತ್ರೆಯದು. ತೂತಿನ ಅಗಲ ಎರಡು ಅಕ್ಷರದ್ದು. ಹಾಗಾದರೆ 'ಕೊರ' ಆದ ಮೇಲೆ ಒಂದೇ ಒಂದು ಲಘು, ಆಮೇಲೆ 'ಲಿ'. ಇಡೀ ಪಾದ 23 ಮಾತ್ರೆ. 'ಲಿ'ವರೆಗೆ ನಾಲ್ಕು, 'ಗ್ಮ'ದಿಂದಾಚೆಗೆ ಹತ್ತು. ನಡುವೆ ಉಳಿದದ್ದು ಒಂಬತ್ತು. ಒತ್ತಕ್ಷರದ ಹಿಂದಿನದು ಗುರುವಾಗಲೇಬೇಕು. ಆದ್ದರಿಂದ ದೊಡ್ಡ ತೂತಿನಲ್ಲಿ ಐದಕ್ಕೆ ಕಡಿಮೆಯಿಲ್ಲ, ಎಂಟಕ್ಕೆ ಹೆಚ್ಚಿಲ್ಲ. ಇದನ್ನು ಹಳೆಯ ಲಗ್ನಪತ್ರಿಕೆಯ ಬೆನ್ನಿನ ಮೇಲೆ ಬರೆದು ತೋರಿಸಿದೆವು. ಅವಳು ಅದನ್ನು ನೋಡಿ, 'ಇಷ್ಟೆಲ್ಲ ಗೊತ್ತಿತ್ತಾ? ಮೊದಲೇ ಹೇಳಬಾರದಾ ದೊಡ್ಡಪ್ಪ?' ಎಂದಳು.

ಗುಂಡಿ ಒತ್ತಿದ್ದು ನಾವೇ, ಒಮ್ಮೆ ಮಾತ್ರ. ಬೆರಳು ತೆಗೆಯುವಷ್ಟರಲ್ಲಿ ಉತ್ತರ ಬಂದಿತ್ತು. ತರೀಕೆರೆಯ ಕಡೆಯ ಮನೆಯೊಂದರ ಕಟ್ಟಿನಲ್ಲಿ ಅದೇ ಪದ್ಯ. ಆ ಕಟ್ಟನ್ನು ಬಹಳ ಹಿಂದೆ ನಾವೇ ಪ್ರತಿಮಾಡಿ ಮರೆತಿದ್ದೆವು. 'ಕೊರಳಲಿ' ಎಂದು ಮೊದಲು, 'ಯುಗ್ಮ' ಎಂದು ಕೊನೆಗೆ. ಎತ್ತಿನ ಕೊರಳಿಗೆ ಕಟ್ಟಿದ ಜೋಡಿಗಂಟೆಯ ಮಾತು ಅದು. ಶುಕ್ರವಾರ ರಾತ್ರಿಯೂ ಅದು ಅಲ್ಲಿ ಇದ್ದೇ ಇತ್ತು. ಉಳಿದ ಕಟ್ಟುಗಳನ್ನು ಮುಗಿಸದೆ ಯಂತ್ರ ಅದನ್ನು ಹೇಳುವಂತಿರಲಿಲ್ಲ.

ಗಡಿಯಾರ ಎರಡು ಹೊಡೆದಿತ್ತು. ವಿದ್ಯಾರ್ಥಿನಿಗೆ ಸಂದೇಶ ಕಳುಹಿಸಿದೆವು. ಅವಳೂ ಎಚ್ಚರವಾಗಿದ್ದಳೆಂದು ಕೂಡಲೇ ಬಂದ ಉತ್ತರದಿಂದ ತಿಳಿಯಿತು. ಬಾಡಿಗೆಯವರಿಗೆ ಮಗಳು ನಾಲ್ಕು ಸಾಲು ಬರೆದಳು. ಅದರಲ್ಲಿ ನಮ್ಮ ಹೆಸರು ಇರಲಿಲ್ಲ. 'ಒಂದು ಹುಡುಕಾಟದ ದೋಷ' ಎಂದಷ್ಟೇ ಇತ್ತು.

ಭಾನುವಾರ ನೆಂಟರು ಬಂದರು, ಹೋಳಿಗೆ ಉಂಡರು. ಹುಡುಗಿಯ ಕೆಲಸವೇನೆಂದು ಹುಡುಗನ ತಂದೆ ಕೇಳಿದಾಗ ತಮ್ಮ ನಮ್ಮ ಕಡೆ ನೋಡಿದನು. ನಾವು ಹೇಳಿದೆವು. ಸ್ವಲ್ಪ ದೀರ್ಘವಾಗಿಯೇ ಹೇಳಿದೆವೆಂದು ಆಮೇಲೆ ಅಡುಗೆಮನೆಯಿಂದ ಟೀಕೆ ಬಂದಿತು. ಸಂಬಂಧದ ವಿಚಾರ ಇನ್ನೂ ಮಾತುಕತೆಯಲ್ಲಿದೆ. ಅದನ್ನು ಇಲ್ಲಿ ಬರೆಯಕೂಡದೆಂದು ಅಪ್ಪಣೆಯಾಗಿದೆ.

ಮಂಗಳವಾರ ನಾವು ಬಸ್ಸು ಹಿಡಿದು ಅಜ್ಜಂಪುರದ ಕಡೆಗೆ ಹೋದೆವು. ಹಿರಿಯರು ಒರಗುದಿಂಬಿಗೆ ಆತು ಕಣ್ಣು ಮುಚ್ಚಿ ಕೇಳಿದರು. ಮೂರನೆಯ ಪಾದ ಬಂದಾಗ ಕೈ ಎತ್ತಿ ನಮ್ಮನ್ನು ನಿಲ್ಲಿಸಿದರು. 'ಕೊರಳಲಿ ಅಲ್ಲ. ನಮ್ಮಜ್ಜ ಕೊರಳಿನಲಿ ಅಂತಿದ್ದ' ಎಂದರು. ಹಾಗೆಂದರೆ ಒಂದು ಮಾತ್ರೆ ಹೆಚ್ಚಾಗುತ್ತದೆ. ಹೇಳಲು ಬಾಯಿ ತೆರೆದವರು ಸುಮ್ಮನಾದೆವು. ಅವರು ಹೇಳಿದಂತೆಯೇ ಇಡೀ ಪದ್ಯವನ್ನು ಮೊದಲಿನಿಂದ ಓದಿದೆವು. ಅವರ ತುಟಿ ನಮ್ಮೊಡನೆ ಆಡುತ್ತಿತ್ತು. ಹಿಂದಿರುಗಿದ ಮೇಲೆ 'ಕೊರಳಿನಲಿ, ಪಾಠಾಂತರ, ಬಾಯಿಪಾಠದಿಂದ' ಎಂದು ಒಂದು ಚೀಟಿ ಬರೆದು ಕಕಾರದ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ. ಅದನ್ನು ಗಣಕಕ್ಕೆ ಏರಿಸುವುದು ಬಾಕಿ ಇದೆ.